ಡ್ರ್ಯಾಗನ್ ಕತೆಯ ಎರಡನೆಯ ಸಂಪುಟ ಮತ್ತು ಒಂದು ಅಕ್ಷರದ ತಪ್ಪು

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಮಕ್ಕಳು ಓದಬಹುದಾದ ಡ್ರ್ಯಾಗನ್ ಕಾದಂಬರಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಅದರಲ್ಲಿದ್ದ ಒಂದು ಸಲಹೆಗೆ ಮಾತ್ರ ನನ್ನ ತಕರಾರಿದೆ. ಮೂರು ಸಂಪುಟಗಳ ಕತೆಯಲ್ಲಿ ಎರಡನೆಯದು ಬರೀ ಸೇತುವೆ, ಹೊತ್ತಿಲ್ಲದವರು ಅದರ ಸಾರಾಂಶ ನೋಡಿಕೊಂಡು ಮೂರನೆಯದಕ್ಕೆ ಹೋದರೂ ನಷ್ಟವಿಲ್ಲ ಎಂದು ಅಲ್ಲಿ ಬರೆದಿದ್ದರು. ಉದಾಹರಣೆಗೆ ತೆಗೆದುಕೊಂಡದ್ದು ಕ್ರಿಸ್ಟೋಫರ್ ಪಾವೊಲಿನಿಯ ‘ಎಲ್ಡೆಸ್ಟ್’. ಹಾರಿಸಿದರೆ ಕತೆಯೇ ಕೈತಪ್ಪುವಂಥ ಪುಸ್ತಕ ಅದು. (ಮುಂದೆ ಕತೆಯ ಗುಟ್ಟುಗಳು ಬರುತ್ತವೆ. ಇನ್ನೂ ಓದದವರು ಈ ಪತ್ರವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.)

ಮೊದಲ ಸಂಪುಟ ‘ಎರಗಾನ್’ ಅಮೆರಿಕದ ದೊಡ್ಡ ಪ್ರಕಾಶಕರಿಂದ ಬಂದದ್ದು 2003ರಲ್ಲಿ, ‘ಎಲ್ಡೆಸ್ಟ್’ 2005ರ ಆಗಸ್ಟ್‌ನಲ್ಲಿ. ಮೊದಲನೆಯದರಲ್ಲಿ ಎರಗಾನ್ ಎಂಬ ಹಳ್ಳಿಯ ಹುಡುಗನಿಗೆ ನೀಲಿ ಕಲ್ಲು ಸಿಗುತ್ತದೆ, ಅದು ಡ್ರ್ಯಾಗನ್ ಮೊಟ್ಟೆಯೆಂದು ತಿಳಿಯುತ್ತದೆ, ಮರಿ ಸಫೀರಾ ಬೆಳೆಯುತ್ತಾಳೆ, ಕೊನೆಯಲ್ಲಿ ಡುರ್ಜಾ ಎಂಬ ಮಾಂತ್ರಿಕ ಸಾಯುತ್ತಾನೆ. ಪುಸ್ತಕ ಮುಚ್ಚಿದಾಗ ಗೆದ್ದ ಖುಷಿ ಇರುತ್ತದೆ. ಆದರೆ ಆ ಗೆಲುವು ಮೂರು ಬಾಕಿ ಉಳಿಸಿ ಹೋಗಿದೆ: ಹುಡುಗನ ಬೆನ್ನಿನ ಮೇಲೆ ಡುರ್ಜಾನ ಕತ್ತಿಯ ಗಾಯ, ದುಷ್ಟ ದೊರೆಯ ವಶದಲ್ಲಿ ಇನ್ನೂ ಒಡೆಯದ ಎರಡು ಮೊಟ್ಟೆ, ಮತ್ತೆ ಯಾರೂ ಗಮನಿಸದ ಒಂದು ಆಶೀರ್ವಾದ. ಎರಡನೆಯ ಸಂಪುಟದ ಕೆಲಸ ಈ ಮೂರನ್ನೂ ಬಡ್ಡಿ ಸಮೇತ ವಸೂಲು ಮಾಡುವುದು.

ಆಶೀರ್ವಾದದ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲ ಸಂಪುಟದಲ್ಲಿ ಮುದುಕಿಯೊಬ್ಬಳು ಒಂದು ತಬ್ಬಲಿ ಕೂಸನ್ನು ತಂದು ಹರಸಲು ಕೇಳುತ್ತಾಳೆ. ಎರಗಾನ್ ತನಗೆ ಅರೆಬರೆ ಗೊತ್ತಿರುವ ಪ್ರಾಚೀನ ಭಾಷೆಯಲ್ಲಿ ಹರಸುತ್ತಾನೆ. ಆ ಲೋಕದಲ್ಲಿ ಮಂತ್ರವೆಲ್ಲ ಅದೇ ಭಾಷೆಯಲ್ಲಿ, ಅದರಲ್ಲಿ ಆಡಿದ್ದು ಆಗಿಯೇ ಆಗುತ್ತದೆ. ಅವನ ಮನಸ್ಸಿನಲ್ಲಿ ಇದ್ದದ್ದು ‘ಕೇಡು ನಿನ್ನನ್ನು ಮುಟ್ಟದಂತೆ ನಿನಗೆ ರಕ್ಷಣೆ ಇರಲಿ’ ಎಂಬುದು. ಅವನು ಬಳಸಬೇಕಿದ್ದ ಪದ ‘ಸ್ಕೋಲಿರೊ’, ಅಂದರೆ ಕಾಪಾಡಲ್ಪಟ್ಟವಳು. ಬಾಯಿಗೆ ಬಂದದ್ದು ‘ಸ್ಕೋಲಿರ್’, ಅಂದರೆ ಗುರಾಣಿ. ಒಂದು ಸ್ವರ ತಪ್ಪಿತು, ಕೂಸು ಗುರಾಣಿಯಾಯಿತು.

ಇದು ತಪ್ಪೆಂದು ಗೊತ್ತಾಗುವುದು ಎರಡನೆಯ ಸಂಪುಟದಲ್ಲಿ, ಎರಗಾನ್ ಎಲ್ಫ್‌ಗಳ (ಮನುಷ್ಯರಿಗಿಂತ ಬಲವಾದ ಮಾಯಾಜನಾಂಗ) ನಾಡಿನಲ್ಲಿ ಓರೊಮಿಸ್ ಎಂಬ ಗುರುವಿನ ಬಳಿ ವ್ಯಾಕರಣ ಕಲಿಯಲು ಕೂತಾಗ. ಅಷ್ಟರಲ್ಲಿ ಇತ್ತ ಎಲ್ವಾ ಎಂಬ ಆ ಮಗು ವಯಸ್ಸಿಗೆ ಮೀರಿ ಬೆಳೆದಿದೆ. ದೊಡ್ಡವರ ದನಿಯಲ್ಲಿ ಮಾತಾಡುತ್ತದೆ. ಸುತ್ತಲಿನ ಯಾರಿಗೇ ನೋವಾಗುವುದಿದ್ದರೂ ಅದಕ್ಕೆ ಮೊದಲೇ ತಿಳಿಯುತ್ತದೆ, ಅಡ್ಡ ಹೋಗಿ ನಿಲ್ಲದೆ ಅದರ ಮೈ ಕೇಳುವುದಿಲ್ಲ. ಬಂಡುಕೋರರ ನಾಯಕಿ ನಸುವಾಡಾಳ ಜೀವ ಉಳಿಯುವುದು ಕೂಡ ಇದರಿಂದಲೇ. ಶಾಪದ ಕತೆಗಳನ್ನು ನಮ್ಮ ಪುರಾಣಗಳಲ್ಲಿ ಕೇಳಿದ್ದೇವೆ, ಆದರೆ ಅಲ್ಲಿ ಹೆಚ್ಚಾಗಿ ಕೊಡುವವರ ಸಿಟ್ಟು ಕಾರಣ. ಇಲ್ಲಿ ಸಿಟ್ಟಿಲ್ಲ, ಪಾಠ ಸರಿಯಾಗಿ ಕಲಿಯದೆ ಬಾಯಿ ಬಿಟ್ಟದ್ದಷ್ಟೇ ಕಾರಣ. ಮೂರನೆಯ ಸಂಪುಟದಲ್ಲಿ ಅದನ್ನು ಬಿಡಿಸಲು ಹೋದಾಗಲೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ‘ಎಲ್ಡೆಸ್ಟ್’ ಓದದವರಿಗೆ ಆ ಅರ್ಧ ಏಕೆಂದು ತಲೆಗೆ ಹತ್ತುವುದೇ ಇಲ್ಲ.

ಇಂಥ ಕತೆಯನ್ನು ಕನ್ನಡಕ್ಕೆ ತರುವ ಮನಸ್ಸಿರುವವರಿಗೆ ಇದರಲ್ಲೊಂದು ಎಚ್ಚರಿಕೆ ಇದೆ. ಮೊದಲ ಸಂಪುಟವನ್ನು ಮಾತ್ರ ಓದಿ ಅನುವಾದಿಸಿ ಅಚ್ಚಿಗೆ ಕಳಿಸಿದರೆ, ಎರಡನೆಯದಕ್ಕೆ ಬಂದಾಗ ಕೈಕಾಲು ಕಟ್ಟಿದಂತಾಗುತ್ತದೆ. ಪ್ರಾಚೀನ ಭಾಷೆಯ ಸಾಲನ್ನು ಕನ್ನಡ ಲಿಪಿಗೆ ಇಳಿಸುವಾಗ ವ್ಯಂಜನದಲ್ಲಿ ನಿಂತ ಪದಕ್ಕೆ ಬಾಲ ಹಚ್ಚುವುದು ನಮ್ಮ ರೂಢಿ: ಬಸ್ ‘ಬಸ್ಸು’ ಆಗುತ್ತದೆ, ಕಾರ್ ‘ಕಾರು’ ಆಗುತ್ತದೆ. ‘ಸ್ಕೋಲಿರ್’ ಕೂಡ ‘ಸ್ಕೋಲಿರು’ ಆಯಿತೆಂದರೆ, ಕರಡು ತಿದ್ದುವವರು ಎರಡನೆಯ ಸಂಪುಟದ ‘ಸ್ಕೋಲಿರೊ’ವನ್ನು ಅಚ್ಚಿನ ತಪ್ಪೆಂದು ತಿಳಿದು ಒಂದೇ ಮಾಡಿಬಿಡುತ್ತಾರೆ. ಇಡೀ ಕತೆಯ ತಪ್ಪೇ ಮಾಯ! ಸಾಲನ್ನೇ ಕನ್ನಡಿಸುವುದಾದರೆ ನಮ್ಮ ವಿಭಕ್ತಿ ಚೆನ್ನಾಗಿ ಒದಗುತ್ತದೆ. ‘ಈ ಕೂಸಿಗೆ ಕಾಪಾಗಲಿ’ ಎನ್ನಲು ಹೋಗಿ ‘ಈ ಕೂಸು ಕಾಪಾಗಲಿ’ ಎಂದರೆ ಸಾಕು, ಬಿದ್ದದ್ದು ಒಂದು ಚತುರ್ಥಿ ಪ್ರತ್ಯಯ, ಬದಲಾದದ್ದು ಒಂದು ಜೀವದ ಹಣೆಬರಹ. ಆದರೆ ಮೊದಲ ಸಂಪುಟದಲ್ಲೇ ಆ ತಪ್ಪನ್ನು ಓದುಗರ ಕಣ್ಣಿಗೆ ಬೀಳದಂತೆ ಬರೆದಿಟ್ಟಿರಬೇಕು, ತಿದ್ದಬಾರದು.

ಸರ್ವನಾಮವೂ ಹೀಗೆಯೇ ಕಾಡುತ್ತದೆ. ಸಫೀರಾ ಮೊದಲು ‘ಅದು’, ಹೆಣ್ಣೆಂದು ತಿಳಿದ ಮೇಲೆ ‘ಅವಳು’. ಎರಡನೆಯ ಸಂಪುಟದಲ್ಲಿ ಗ್ಲೇಡರ್ ಬರುತ್ತಾನೆ. ಬಂಗಾರದ ಬಣ್ಣ, ಒಂದು ಮುಂಗಾಲು ಇಲ್ಲ, ಸಫೀರಾಗೆ ಹಾರುವ ಪಾಠ ಹೇಳುವ ಮುದಿ ಗುರು. ಈಗ ನಾನೇ ‘ಬರುತ್ತಾನೆ’ ಎಂದೆ. ಆದರೆ ಸಫೀರಾಳ ಬಾಯಲ್ಲಿ ಗುರುವಿಗೆ ‘ಅವನು’ ಎಂದು ಬಂದರೆ ಕನ್ನಡದ ಕಿವಿಗೆ ಚುಚ್ಚುತ್ತದೆ, ‘ಅವರು’ ಎಂದೇ ಬರಬೇಕು. ಡ್ರ್ಯಾಗನ್ನಿಗೆ ಬಹುವಚನ! ಇನ್ನು ‘ಘಟಸರ್ಪ’ ಎಂಬ ಪದವನ್ನು ಬಳಸುವ ಆಸೆಯಾದರೆ ದಯವಿಟ್ಟು ತಡೆದುಕೊಳ್ಳಿ. ಅದು ಹೆಡೆಯೆತ್ತುವ ಪ್ರಾಣಿ, ಅದರ ಬೆನ್ನಿಗೆ ಜೀನು ಬಿಗಿದು ಹಾರಲು ಆಗುವುದಿಲ್ಲ. ಡ್ರ್ಯಾಗನ್ ಎಂದೇ ಬಿಟ್ಟರೆ ಯಾರಿಗೂ ತೊಡಕಿಲ್ಲ.

ಅಭ್ಯಾಸವಿರುವ ಅನುವಾದಕರು ಮಾಡುವ ಕೆಲಸ ಸರಳ. ಎಲ್ಲ ಸಂಪುಟಗಳನ್ನೂ ಒಮ್ಮೆ ಓದಿ, ಒಂದು ನೋಟ್‌ಬುಕ್ಕಿನಲ್ಲಿ ಹೆಸರುಗಳ ಕಾಗುಣಿತ, ಯಾರು ಯಾರಿಗೆ ನೀನು ಅಥವಾ ನೀವು, ಆಣೆ-ಹರಕೆಗಳ ಪೂರ್ತಿ ಸಾಲು ಪುಟಸಂಖ್ಯೆಯ ಜೊತೆ, ಗಾಯಗಳು, ಮೊಟ್ಟೆಗಳ ಲೆಕ್ಕ, ಇಷ್ಟನ್ನು ಬರೆದುಕೊಂಡ ಮೇಲೆಯೇ ಮೊದಲ ವಾಕ್ಯ ಬರೆಯುವುದು.

ಮೊಟ್ಟೆಗಳ ಲೆಕ್ಕ ಎಂದೆ. ‘ಎಲ್ಡೆಸ್ಟ್’ನ ಮುಖಪುಟದಲ್ಲಿ ಕೆಂಪು ಡ್ರ್ಯಾಗನ್ ಇದೆ. ಪುಸ್ತಕ ಕೈಗೆತ್ತಿಕೊಂಡ ಕ್ಷಣದಿಂದ ಓದುಗರಿಗೆ ಅದು ಗೊತ್ತು, ಆದರೆ ಒಳಗೆ ನೂರಾರು ಪುಟ ಕಳೆದರೂ ಅದರ ಸುಳಿವಿಲ್ಲ. ಕೊನೆಯ ಯುದ್ಧದಲ್ಲಷ್ಟೇ ಥಾರ್ನ್ ಎಂಬ ಆ ಡ್ರ್ಯಾಗನ್ ಬಂದಿಳಿಯುತ್ತದೆ, ಬೆನ್ನ ಮೇಲೆ ಎರಗಾನ್‌ನ ಹಳೆಯ ಗೆಳೆಯ ಮರ್ಟಾಗ್. ಉಳಿದದ್ದು ಒಂದೇ ಮೊಟ್ಟೆ. ‘ಎಲ್ಡೆಸ್ಟ್’, ಅಂದರೆ ‘ಹಿರಿಯ’ ಎಂಬ ಶೀರ್ಷಿಕೆಯ ಅರ್ಥವೂ ಆಗಲೇ ಬಿಚ್ಚಿಕೊಳ್ಳುವುದು: ತಾವಿಬ್ಬರೂ ಅಣ್ಣತಮ್ಮಂದಿರು, ತಾನು ಹಿರಿಮಗ, ಎರಗಾನ್ ಕೈಯಲ್ಲಿರುವ ತಂದೆಯ ಕತ್ತಿ ತನ್ನದು ಎಂದು ಮರ್ಟಾಗ್ ಅದನ್ನು ಕಿತ್ತುಕೊಂಡು ಹೋಗುತ್ತಾನೆ. ಮೊದಲ ಸಂಪುಟದಲ್ಲಿ ಗಳಿಸಿದ ಕತ್ತಿಯೂ ಹೋಯಿತು, ಗೆಳೆಯನೂ ಹೋದ.

ನಡುವೆ ನನಗೆ ತುಂಬ ಹಿಡಿಸಿದ್ದು ಡ್ರ್ಯಾಗನ್ನಿನ ನೆರಳೂ ಇಲ್ಲದ ಒಂದು ಸಂಗತಿ. ದಂಡಿನ ಖರ್ಚಿಗೆ ನಸುವಾಡಾಳ ಬಳಿ ದುಡ್ಡಿಲ್ಲ. ಆ ಲೋಕದ ಮಂತ್ರಕ್ಕೆ ಒಂದು ಕಟ್ಟುನಿಟ್ಟು ಇದೆ: ಕೈಯಿಂದ ಮಾಡಿದರೆ ಎಷ್ಟು ಕಸುವು ಬೇಕೋ ಮಂತ್ರದಿಂದ ಮಾಡಿದರೂ ಅಷ್ಟೇ ಬೇಕು. ಹಾಗಾಗಿ ಬಂಡೆ ಎತ್ತಲು ಹೋದವನು ಸತ್ತೇ ಹೋಗಬಹುದು. ನಸುವಾಡಾ ಈ ಲೆಕ್ಕವನ್ನು ತಿರುವಿ ಹಾಕುತ್ತಾಳೆ. ಕಸುವು ಕಡಿಮೆ ಬೇಡುವ, ಆದರೆ ಹೊತ್ತು ವಿಪರೀತ ತಿನ್ನುವ ಕೆಲಸ ಯಾವುದು? ಲೇಸ್ ಹೆಣೆಯುವುದು. ಅದಕ್ಕೆ ಬೆಲೆ ಬರುವುದೇ ತಿಂಗಳುಗಟ್ಟಲೆ ಬೆರಳಾಡಿಸಬೇಕು ಎಂಬ ಕಾರಣಕ್ಕೆ. ಮಂತ್ರವಾದಿಗಳಿಂದ ಅದನ್ನು ಸಲೀಸಾಗಿ ಮಾಡಿಸಿ ಪೇಟೆಗೆ ಬಿಡುತ್ತಾಳೆ. ಲೇಸ್ ಮಾರಿ ದಂಡಿಗೆ ಲೇಸು ಮಾಡಿದಳು. ಮೊದಲ ಸಂಪುಟ ಹೇಳಿದ ನಿಯಮವನ್ನು ಮುರಿಯದೆ ಅದರಿಂದಲೇ ಹೊಸದೊಂದನ್ನು ಹುಟ್ಟಿಸುವುದು ನಡುವಿನ ಸಂಪುಟಕ್ಕೆ ದಕ್ಕುವ ಅವಕಾಶ. ಕತ್ತಿ ಕಾಳಗಕ್ಕಿಂತ ಇದನ್ನು ಬರೆಯುವುದು ಕಷ್ಟ.

ಹಾಗೆಂದು ‘ಎಲ್ಡೆಸ್ಟ್’ ಕುಂದಿಲ್ಲದ ಪುಸ್ತಕವಲ್ಲ. ಎಲ್ಫ್‌ಗಳ ಕಾಡಿನ ಪಾಠಗಳು ಉದ್ದವಾದವು. ಅದಕ್ಕಿಂತ ದೊಡ್ಡ ಕುಂದು ಬೆನ್ನಿನ ಗಾಯದ್ದು. ಅರ್ಧ ಪುಸ್ತಕದುದ್ದಕ್ಕೂ ಅದು ಎರಗಾನ್‌ನನ್ನು ಪಾಠದ ನಡುವೆ ಕೆಡವುತ್ತದೆ, ನೋವು ಎಷ್ಟು ಹೊತ್ತಿಗೆ ಬರುತ್ತದೋ ಎಂಬ ಭಯ ಓದುಗರಿಗೂ ಅಂಟುತ್ತದೆ. ಆಮೇಲೆ ಒಂದು ಹಬ್ಬದ ರಾತ್ರಿ ಡ್ರ್ಯಾಗನ್‌ಗಳ ಮಾಯೆಯಿಂದ ಒಮ್ಮೆಗೇ ವಾಸಿ, ಜೊತೆಗೆ ಎಲ್ಫ್‌ಗಳಂಥ ಮೈಬಲ. ಸಾಲಗಾರ ಬಾಗಿಲಿಗೆ ಬಂದಾಗ ಲಾಟರಿ ಹೊಡೆದಂತೆ. ಅದೇ ಪುಸ್ತಕದಲ್ಲಿ ಅಣ್ಣನಂಥ ರೋರಾನ್‌ಗೆ ಮಂತ್ರವೂ ಇಲ್ಲ, ಡ್ರ್ಯಾಗನ್ನೂ ಇಲ್ಲ, ಒಂದು ಸುತ್ತಿಗೆ ಹಿಡಿದು ಇಡೀ ಹಳ್ಳಿಯನ್ನು ಬೆಟ್ಟ ದಾಟಿಸಿ, ಹಡಗು ಕದ್ದು ದಕ್ಷಿಣಕ್ಕೆ ಒಯ್ಯುತ್ತಾನೆ. ಅವನಿಗೆ ಯಾವುದೂ ಬಿಟ್ಟಿ ಸಿಗುವುದಿಲ್ಲ. ಹಾಗಾಗಿ ಅವನ ಅಧ್ಯಾಯಗಳೇ ಹೆಚ್ಚು ಹಿಡಿದಿಡುತ್ತವೆ.

ಬಾಕಿಯನ್ನು ಇನ್ನೂ ನಿರ್ದಾಕ್ಷಿಣ್ಯವಾಗಿ ವಸೂಲು ಮಾಡಿದ ಹಳೆಯ ಉದಾಹರಣೆ ಬೇಕಿದ್ದರೆ ಆನ್ ಮೆಕ್ಯಾಫ್ರಿಯ ‘ಡ್ರ್ಯಾಗನ್‌ಕ್ವೆಸ್ಟ್’ (1971) ನೋಡಬೇಕು. ‘ಡ್ರ್ಯಾಗನ್‌ಫ್ಲೈಟ್’ (1968) ಮತ್ತು ‘ದಿ ವೈಟ್ ಡ್ರ್ಯಾಗನ್’ (1978) ನಡುವೆ ಇರುವ ಸಂಪುಟ ಅದು. ಪರ್ನ್ ಎಂಬ ಗ್ರಹದ ಮೇಲೆ ಆಕಾಶದಿಂದ ಉದುರುವ, ಮುಟ್ಟಿದ್ದನ್ನೆಲ್ಲ ತಿನ್ನುವ ಎಳೆಗಳನ್ನು ಡ್ರ್ಯಾಗನ್‌ಗಳು ಗಾಳಿಯಲ್ಲೇ ಸುಡಬೇಕು. ಡ್ರ್ಯಾಗನ್ ಸಾಲದೆ ಬಂದಾಗ ಮೊದಲ ಸಂಪುಟದ ನಾಯಕಿ 400 ವರ್ಷ ಹಿಂದಕ್ಕೆ ಹಾರಿ ಐದು ಠಾಣೆಗಳ ಡ್ರ್ಯಾಗನ್ ಸವಾರರನ್ನು ಕರೆತರುತ್ತಾಳೆ. ಗೆಲುವು, ಚಪ್ಪಾಳೆ. ಎರಡನೆಯದು ಶುರುವಾಗುವುದು ಏಳು ವರ್ಷದ ನಂತರ, ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಸ್ಥಿತಿಯಲ್ಲಿ. ಬಂದವರು ವಾಪಸ್ ಹೋಗಿಲ್ಲ. 400 ವರ್ಷ ಹಳೆಯ ದರ್ಪ, ಹಳೆಯ ಕಾಣಿಕೆಯ ಲೆಕ್ಕ ಅವರದು.

ಅಲ್ಲಿ ಕಾರಣಗಳ ಕೊಂಡಿ ನೋಡಿ. ಕಮ್ಮಾರ ಬೇರೆಯವರಿಗಾಗಿ ಮಾಡಿದ ಒಂದು ಸೊಂಟದ ಚೂರಿಗೆ ಹಳೆಯ ಸವಾರನೊಬ್ಬ ಕೈ ಹಾಕುತ್ತಾನೆ, ಜಗಳದಲ್ಲಿ ಎಫ್‌ನೊರ್ ಎಂಬ ಈಗಿನ ಕಾಲದ ಸವಾರನಿಗೆ ಇರಿತ ಬೀಳುತ್ತದೆ. ಗಾಯ ಮಾಯಲು ಅವನನ್ನು ದಕ್ಷಿಣ ಖಂಡಕ್ಕೆ ಕಳಿಸುತ್ತಾರೆ. ಅಲ್ಲಿನ ಮರಳಿನ ಮೇಲೆ ಮಲಗಿದ್ದಾಗ ಡ್ರ್ಯಾಗನ್‌ಗಳ ಪುಟ್ಟ ನೆಂಟ, ಬೆಂಕಿ ಹಲ್ಲಿ ಅವನಿಗೆ ಒಲಿಯುತ್ತದೆ. ಕತೆಯ ಮುಂದಿನ ದಾರಿ ತೆರೆಯುವುದು ಈ ಚೂರಿಯಿಂದ. ಎಳೆಗಳ ಮೂಲವಾದ ‘ಕೆಂಪು ತಾರೆ’ ಎಂಬ ಗ್ರಹಕ್ಕೇ ಹೋಗಿ ಸುಟ್ಟು ಬನ್ನಿ ಎಂದು ಜನ ಪಟ್ಟು ಹಿಡಿದಾಗ ಹಾರುವವನೂ ಇದೇ ಎಫ್‌ನೊರ್. ಡ್ರ್ಯಾಗನ್ ಕಣ್ಮರೆಯಾಗಿ ಇನ್ನೊಂದೆಡೆ ಮೂಡಬೇಕಾದರೆ ಆ ಜಾಗದ ಸ್ಪಷ್ಟ ಚಿತ್ರ ಸವಾರನ ಮನಸ್ಸಿನಲ್ಲಿರಬೇಕು ಎಂಬುದು ಮೊದಲ ಸಂಪುಟದ ನಿಯಮ. ಅವನ ಬಳಿ ಇದ್ದದ್ದು ದೂರದರ್ಶಕದಲ್ಲಿ ಕಂಡ ಒಂದು ಮೋಡದ ಆಕಾರ ಮಾತ್ರ. ಅಷ್ಟನ್ನೇ ನಂಬಿ ಹಾರಿದ ಸವಾರನೂ ಡ್ರ್ಯಾಗನ್ನೂ ಚರ್ಮ ಸುಲಿದ ಸ್ಥಿತಿಯಲ್ಲಿ ವಾಪಸ್ ಬೀಳುತ್ತಾರೆ. ಎರಡು ರಾಣಿ ಡ್ರ್ಯಾಗನ್‌ಗಳು ಆಕಾಶದಲ್ಲಿ ಕಚ್ಚಾಡಿ ಸಾಯುವ ಅಧ್ಯಾಯವಂತೂ, ‘ಡ್ರ್ಯಾಗನ್ ಸತ್ತರೆ ಸವಾರ ಅರ್ಧ ಸತ್ತಂತೆ’ ಎಂದು ಮೊದಲು ಮಾತಿನಲ್ಲಿ ಕೇಳಿದ್ದನ್ನು ಸತ್ತ ರಾಣಿಗಳಲ್ಲಿ ಒಂದರ ಸವಾರಳಾದ ಬ್ರೆಕ್ಕೆ ಎಂಬ ಹೆಣ್ಣಿನ ಮೌನದಲ್ಲಿ ಕಾಣಿಸುತ್ತದೆ.

ಅದೇ 1971ರಲ್ಲಿ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಕತೆಯ ಎರಡನೆಯ ಸಂಪುಟ ‘ದಿ ಟೂಂಬ್ಸ್ ಆಫ್ ಅಟುವಾನ್’ ಪುಸ್ತಕವಾಯಿತು. ಅವರು ಡ್ರ್ಯಾಗನ್‌ಗಳನ್ನೇ ಹೊರಗಿಟ್ಟರು. ನೆಲದಡಿಯ ಕತ್ತಲಲ್ಲಿ ಬೆಳೆದ ಹುಡುಗಿಯ ಕತೆಯಲ್ಲಿ ಡ್ರ್ಯಾಗನ್ ಬರುವುದು ಮಾತಿನಲ್ಲಷ್ಟೇ. ಆ ಗೈರುಹಾಜರಿಯಿಂದಲೇ ಮೂರನೆಯದರಲ್ಲಿ ಅದು ಎದುರು ಬಂದಾಗ ಮೈ ಜುಮ್ಮೆನ್ನುತ್ತದೆ.

ಮತ್ತೆ ಪಾವೊಲಿನಿಗೆ ಬಂದರೆ, ‘ಎಲ್ಡೆಸ್ಟ್’ ಹಳೆಯ ಬಾಕಿ ತೀರಿಸುವ ಭರದಲ್ಲಿ ಹೊಸದನ್ನು ಮಿತಿಮೀರಿ ಮಾಡಿಕೊಂಡಿತು. ಮೂರನೆಯ ಪುಸ್ತಕದಲ್ಲಿ ಎಲ್ಲವೂ ಹಿಡಿಯಲಿಲ್ಲ. ಅದನ್ನು ಎರಡು ಮಾಡುತ್ತಿರುವುದಾಗಿ 2007ರಲ್ಲಿ ಪ್ರಕಟಿಸಿದರು. ‘ಬ್ರಿಸಿಂಗರ್’ 2008ರಲ್ಲಿ, ‘ಇನ್ಹೆರಿಟೆನ್ಸ್’ 2011ರಲ್ಲಿ ಬಂತು. ಮೂರರ ನಡುವಿನದು ಎಂದು ಹುಟ್ಟಿದ ಪುಸ್ತಕ ಈಗ ನಾಲ್ಕರಲ್ಲಿ ಎರಡನೆಯದು. ‘ಬ್ರಿಸಿಂಗರ್’ನ ಮೊದಲಲ್ಲಿ ಹಿಂದಿನ ಎರಡರ ಸಾರಾಂಶ ಇರುವುದು ನಿಜ, ನಿಮ್ಮ ಲೇಖಕರು ಹೇಳಿದ್ದು ಬಹುಶಃ ಅದನ್ನೇ. ಓದಿ ವರ್ಷಗಳಾದವರಿಗೆ ನೆನಪು ತರಲು ಅದು ಸಾಕು, ಓದದೇ ಇದ್ದವರಿಗೆ ಸಾಲದು.

ಕೊನೆಯದಾಗಿ ಶಾಲಾ ಗ್ರಂಥಾಲಯಗಳ ಗಮನಕ್ಕೆ ಒಂದು ಮಾತು. ಈ ನಾಲ್ಕನ್ನು ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಿಸಿದರೆ ಕಪಾಟಿನಲ್ಲಿ ಬರುವ ಸಾಲು ‘ಬ್ರಿಸಿಂಗರ್’, ‘ಎಲ್ಡೆಸ್ಟ್’, ‘ಎರಗಾನ್’, ‘ಇನ್ಹೆರಿಟೆನ್ಸ್’. ಅಂದರೆ 3, 2, 1, 4. ಹೆಸರಿನ ಅರ್ಥವೇ ‘ಹಿರಿಯ’ ಎಂದಿರುವಾಗ ಅದನ್ನೇ ಮೊದಲನೆಯದೆಂದು ತಿಳಿದು ಒಯ್ಯುವ ಮಗುವಿನದೇನೂ ತಪ್ಪಿಲ್ಲ. ಬೆನ್ನಿನ ಚೀಟಿಯಲ್ಲಿ ವರ್ಗಸಂಖ್ಯೆಯ ಕೆಳಗೆ ಸಂಪುಟದ ಅಂಕಿ ಬರೆದು ಅಂಟಿಸಿದರೆ ಆಯಿತು. ಚೀಟಿ ಕಿತ್ತುಹೋದರೆ ಮುಖಪುಟದ ಡ್ರ್ಯಾಗನ್ ಬಣ್ಣ ನೋಡಿಕೊಳ್ಳಿ: ನೀಲಿ, ಕೆಂಪು, ಬಂಗಾರ, ಹಸಿರು.

ಇತಿ,
ಒಬ್ಬ ಓದುಗ, ಶಿವಮೊಗ್ಗ