ಅಯೋಡಿನ್ ಪಡೆದ ಮಗು ಯಾವ ಬಸ್ಸಿನಲ್ಲಿ ಊರಿಗೆ ಬರಬೇಕು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಹೊಸನಗರ ತಾಲ್ಲೂಕಿನ ಸಣ್ಣ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು.

ನನ್ನ 14 ವರ್ಷದ ಮಗಳಿಗೆ ಗ್ರೇವ್ಸ್ ಕಾಯಿಲೆ, ಅಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ರೋಗ. ಆಷಾಢದ ಜಡಿಮಳೆಯಲ್ಲೂ ಸೆಕೆಯೆಂದು ಕಂಬಳಿ ಒದೆಯುತ್ತಿದ್ದಳು. ಕೈ ನಡುಗಿ ಅಕ್ಷರಗಳು ಗೆರೆ ಬಿಟ್ಟು ಓಡುತ್ತಿದ್ದವು. ಆ ಗ್ರಂಥಿಯನ್ನು ಹತೋಟಿಯಲ್ಲಿಡುವ ಕಾರ್ಬಿಮಜೋಲ್ ಮೂರು ವರ್ಷ ನುಂಗಿದರೂ ಮಾತ್ರೆ ನಿಲ್ಲಿಸಿದೊಡನೆ ಕಾಯಿಲೆ ಮರುಕಳಿಸಿದ್ದರಿಂದ, ಶಸ್ತ್ರಚಿಕಿತ್ಸೆ ಇಲ್ಲವೇ ಗ್ರಂಥಿಯನ್ನು ಒಳಗಿನಿಂದಲೇ ಸುಡುವ ವಿಕಿರಣ ಅಯೋಡಿನ್ ಎಂದರು ವೈದ್ಯರು. ನಾವು ಅಯೋಡಿನ್ ಆರಿಸಿಕೊಂಡು ಬೆಂಗಳೂರಿಗೆ ಹೋದೆವು. ಚಿಕಿತ್ಸೆಯ ಬಗ್ಗೆ ನನ್ನ ದೂರಿಲ್ಲ.

ಕೊಟ್ಟ ಅಯೋಡಿನ್ನಿನ ಪ್ರಮಾಣ, ವಿಕಿರಣದ ಅಳತೆಯಲ್ಲಿ, 30 ಮಿಲಿಕ್ಯೂರಿಗಿಂತ ಕಡಿಮೆಯಿದ್ದರೆ ರೋಗಿಯನ್ನು ಅಂದೇ ಮನೆಗೆ ಕಳಿಸಬಹುದೆಂಬ ನಿಯಮ ತಮಗೆ ಗೊತ್ತೇ ಇದೆ. ಹಾಗೆಯೇ ಕಳಿಸಿದರು. ಕೈಗಿತ್ತ ಚೀಟಿಯಲ್ಲಿ ಮಾತ್ರ, ಮೈಯಿಂದ ವಿಕಿರಣ ಹೊರಬರುವುದರಿಂದ ಕೆಲವು ದಿನ ಗರ್ಭಿಣಿಯರ, ಎಳೆಮಕ್ಕಳ ಹತ್ತಿರ ಕೂರಬೇಡಿ, ಬೇರೆಯೇ ಮಲಗಿ ಎಂದಿತ್ತು. ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದ್ದವರಿಗೆ ಸರಿ. 300 ಕಿಲೋಮೀಟರಿನಾಚೆ ಶಿವಮೊಗ್ಗ, ಅಲ್ಲಿಂದ ಮುಂದೆ ನಮ್ಮೂರು. ಲಾಡ್ಜಿನಲ್ಲಿ ಉಳಿಯಲು ಹಣವಿಲ್ಲ, ಬಾಡಿಗೆ ಕಾರಿನ ಮಾತು ದೂರವೇ ಉಳಿಯಿತು. ಬಸ್ಸೇ ಗತಿ.

ತುಮಕೂರಿನಲ್ಲಿ ಏಳೆಂಟು ತಿಂಗಳ ಗರ್ಭಿಣಿಯೊಬ್ಬರು ಹತ್ತಿದರು. ಮಗಳ ಪಕ್ಕದ ಸೀಟೊಂದೇ ಖಾಲಿ. ಅವರು ಕೂರುವ ಮೊದಲೇ ಮಗಳು ಎದ್ದು ಬಾಗಿಲ ಬಳಿ ಹೋಗಿ ಕಂಬ ಹಿಡಿದು ನಿಂತಳು. ಸೀಟಿದ್ದೂ ನಿಲ್ಲುವುದೇಕೆಂದು ಕಂಡಕ್ಟರರು ಗದರಿದರೆ ಉತ್ತರವಿಲ್ಲ. ಕಾರಣ ಹೇಳಿದರೆ ನಡುದಾರಿಯಲ್ಲಿ ಇಳಿಸಿಯಾರೆಂಬ ಭಯ. ತಿಪಟೂರು, ಅರಸೀಕೆರೆ ದಾಟಿ ಕಡೂರಿನಲ್ಲಿ ಆ ತಾಯಿ ಇಳಿಯುವವರೆಗೂ, ನಡುಗುವ ಕಾಲಿನ ನನ್ನ ಮಗಳು ನಿಂತೇ ಬಂದಳು. ಇಲಾಖೆ ಮಾಡಬೇಕಾದ ಕಾವಲನ್ನು ಎಂಟನೇ ತರಗತಿಯ ಹುಡುಗಿ ಮಾಡಿದ್ದಾಳೆ. ತಮ್ಮ ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಬಹುದು.

ಈ ಅಯೋಡಿನ್‌ನ ಅರ್ಧಾಯುಷ್ಯ 8 ದಿನ, ಅಂದರೆ ಅಷ್ಟರಲ್ಲಿ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಆ ದಿನಗಳಿಗಾಗಿ ಆಸ್ಪತ್ರೆಯ ಸಮೀಪ ದೂರದೂರಿನವರಿಗೆ ಕಡಿಮೆ ದರದ ಪ್ರತ್ಯೇಕ ಕೋಣೆ ಕೊಡಿ, ಇಲ್ಲವೇ ಊರಿಗೆ ಮರಳಲು ವಾಹನ ಕೊಡಿ. ತಾಲ್ಲೂಕು ಕಚೇರಿಗೂ ಶಾಸಕರ ಮನೆಗೂ ಅರ್ಜಿ ಹಿಡಿದು ಅಲೆದಾಯಿತು. ಎಲ್ಲರೂ "ಮೇಲಿನವರಿಗೆ ಬರೆಯಿರಿ" ಎಂದರು. ಮೇಲಿನವರು ತಾವೇ ಅಲ್ಲವೇ?

ಮಗಳಿಗೆ ಇನ್ನು ಬಹುಶಃ ಜೀವನವಿಡೀ, ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ ಬೇಕಾದೀತು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ಮೊದಲ ಸಲಕ್ಕೆ ಗುಣವಾಗದಿದ್ದರೆ ಎರಡನೆಯ ಬಾರಿ ಅಯೋಡಿನ್ ಕೊಡಬೇಕಾಗಬಹುದೆಂದಿದ್ದಾರೆ. ಅಷ್ಟರೊಳಗೆ ಒಂದು ಕೋಣೆಯನ್ನೋ ಒಂದು ವಾಹನವನ್ನೋ ಏರ್ಪಡಿಸಿ ಎಂದು ಕೋರುವ,

ಹೊಸನಗರ ತಾಲ್ಲೂಕಿನ ತಂದೆಯೊಬ್ಬ