ಒಂದೇ ಅಡ್ರಿನಾಲಿನ್, ಹಲವು ಉತ್ತರ

ಪ್ರೀತಿಯ ಮಗಳೇ,

ಹೆದರಿದಾಗ ರಕ್ತಕ್ಕೆ ಬೀಳುವ ಅಡ್ರಿನಾಲಿನ್ ಎಂಬ ಹಾರ್ಮೋನಿಗೆ ತಾನು ಎಲ್ಲಿಗೆ ಹೋಗಬೇಕೆಂದು ಹೇಗೆ ತಿಳಿಯುತ್ತದೆ ಅಂತ ಕೇಳಿದ್ದೆಯಲ್ಲ, ಅದಕ್ಕೆ ತಿಳಿಯುವುದೇ ಇಲ್ಲ ಕಣೇ. ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳಿಂದ ಹೊರಟು ಅದು ಮೈಯೆಲ್ಲ ಸುತ್ತುತ್ತದೆ. ಯಾವ ಜೀವಕೋಶದ ಪೊರೆಯ ಮೇಲೆ ಅದನ್ನು ಹಿಡಿಯುವ ಪ್ರೋಟೀನ್, ಅಂದರೆ ಗ್ರಾಹಕ, ಇದೆಯೋ ಆ ಕೋಶ ಮಾತ್ರ ಓಗೊಡುತ್ತದೆ. ಉಳಿದವಕ್ಕೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಓಗೊಡುವ ರೀತಿಯೂ ಒಂದೇ ಅಲ್ಲ. ಹೃದಯದ ಬಡಿತ ಜೋರಾಗುತ್ತದೆ, ಶ್ವಾಸನಾಳ ಸಡಿಲಾಗುತ್ತದೆ, ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಯಕೃತ್ತು ಕೂಡಿಟ್ಟ ಗ್ಲೈಕೋಜೆನ್ ಒಡೆದು ಸಕ್ಕರೆ ಬಿಡುತ್ತದೆ. ಅಣು ಅದೇ. ಗ್ರಾಹಕ ಬೀಗ, ಹಾರ್ಮೋನ್ ಕೀಲಿಕೈ ಅನ್ನುವ ಪಠ್ಯಪುಸ್ತಕದ ಹೋಲಿಕೆ ನನಗೆ ಅಷ್ಟು ಹಿಡಿಸದಿರುವುದು ಇದಕ್ಕೇ. ಬೀಗ ತೆರೆದ ಮೇಲೆ ಒಳಗೆ ಏನು ನಡೆಯುತ್ತದೆ ಅನ್ನುವುದೇ ಮುಖ್ಯ. ಅಡ್ರಿನಾಲಿನ್ ಯಕೃತ್ತಿನ ಕೋಶದೊಳಕ್ಕೆ ಕಾಲಿಡುವುದೇ ಇಲ್ಲ. ಹೊರಗಿನಿಂದ ಗ್ರಾಹಕಕ್ಕೆ ಅಂಟಿಕೊಂಡರೆ ಸಾಕು, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಇನ್ನೊಂದು ಅಣು ರಾಶಿರಾಶಿಯಾಗಿ ತಯಾರಾಗಿ ಕೆಲಸ ಮುಂದುವರಿಸುತ್ತದೆ. ಇದನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್‌ಗೆ 1971ರಲ್ಲಿ ನೊಬೆಲ್ ಬಂತು.

ನರಗಳು ಬರೀ ವಿದ್ಯುತ್ತಿನಿಂದ ಮಾತಾಡುತ್ತವೆ ಅಂದುಕೊಂಡಿದ್ದೆಯಲ್ಲ, ಹಿಂದೆ ವಿಜ್ಞಾನಿಗಳಲ್ಲೂ ಎಷ್ಟೋ ಜನ ಹಾಗೇ ನಂಬಿದ್ದರು. 1921ರಲ್ಲಿ ಆಟೋ ಲೂವಿ ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನ ದ್ರಾವಣದಲ್ಲಿ ಇಟ್ಟ. ಒಂದರ ವೇಗಸ್ ನರಕ್ಕೆ (ಮೆದುಳಿನಿಂದ ಹೃದಯಕ್ಕೆ ಬರುವ ನರ) ವಿದ್ಯುತ್ ಮುಟ್ಟಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯ ನೆನೆದಿದ್ದ ದ್ರಾವಣವನ್ನೇ ತೆಗೆದು ಎರಡನೆಯದಕ್ಕೆ ಹಾಕಿದ. ಯಾವ ನರವನ್ನೂ ಮುಟ್ಟದೆ ಅದೂ ನಿಧಾನವಾಯಿತು! ಸುದ್ದಿ ನೀರಿನಲ್ಲೇ ಇತ್ತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. (ಪ್ರಯೋಗ ಹೊಳೆದದ್ದು ಕನಸಿನಲ್ಲಂತೆ. ನಡುರಾತ್ರಿ ಎದ್ದು ಗೀಚಿಟ್ಟದ್ದು ಬೆಳಿಗ್ಗೆ ಅವನಿಗೇ ಓದಲಾಗಲಿಲ್ಲವಂತೆ; ಪುಣ್ಯಕ್ಕೆ ಮರುರಾತ್ರಿಯೂ ಅದೇ ಕನಸು ಬಿತ್ತು.)

ಹೆದರಿಕೆ ಹೋದರೂ ಎದೆ ಯಾಕೆ ಡವಡವ ಅನ್ನುತ್ತಲೇ ಇರುತ್ತದೆ ಅನ್ನುವುದು ನಿನ್ನ ಇನ್ನೊಂದು ಪ್ರಶ್ನೆ. ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಅನ್ನು ಅಲ್ಲೇ ಕಾದಿರುವ ಕಿಣ್ವ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಡರಿಸುತ್ತದೆ. ರಕ್ತದಲ್ಲಿ ಓಡಾಡುವ ಅಡ್ರಿನಾಲಿನ್ ಖಾಲಿಯಾಗಲು ಕೆಲವು ನಿಮಿಷ ಬೇಕು. ಅದೇ ಒತ್ತಡದ ಹೊತ್ತಲ್ಲಿ ಬರುವ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಕೊಬ್ಬಿನಲ್ಲಿ ಕರಗುವ ಅಣುವಾದ್ದರಿಂದ ಪೊರೆ ದಾಟಿ ಒಳಗೇ ನುಗ್ಗಿ, ಯಾವ ಜೀನ್ ಓದಬೇಕು, ಯಾವುದು ಬೇಡ ಎಂಬುದನ್ನೇ ಬದಲಿಸುತ್ತದೆ. ಅದರ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ.

ಇನ್ಸುಲಿನ್ ಕಥೆ ದೊಡ್ಡದು, ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ. ಅಷ್ಟರಲ್ಲಿ ಆ ಪಾಠ ಒಮ್ಮೆ ಓದಿಟ್ಟುಕೋ.

ನಿನ್ನ,
ಅಮ್ಮ