ಪಾತ್ರೆ ತಳದ ನೀರು

ಪುಟ್ಟಿ,

ಮೊನ್ನೆ ಫೋನಲ್ಲಿ "ಕೆಮಿಸ್ಟ್ರಿ ಸಮೀಕರಣ ಸರಿದೂಗಿಸೋದು ನನ್ನ ತಲೆಗೇ ಹತ್ತಲ್ಲಮ್ಮ" ಅಂತ ಅತ್ತೆ. ಅಷ್ಟರಲ್ಲಿ ವಾರ್ಡನ್ ಕರೆದರು ಅಂತ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಹತ್ತನೇ ಕ್ಲಾಸಲ್ಲಿ ನಾನೂ ಇದರಲ್ಲೇ ಮುಗ್ಗರಿಸಿದವಳು ಕಣೆ. ಎಡಗಡೆ ಬಲಗಡೆ ಆಕ್ಸಿಜನ್ ಪರಮಾಣುಗಳ ಲೆಕ್ಕ ಹೊಂದಲಿಲ್ಲ ಅಂದ್ರೆ ಸಾಕು, ನೀರಿನ ಸೂತ್ರ H₂O ಬಾಲಕ್ಕೆ ಮೆಲ್ಲಗೆ ಒಂದು 2 ಅಂಟಿಸಿಬಿಡ್ತಿದ್ದೆ. ಲೆಕ್ಕವೇನೋ ಸರಿಹೋಗೋದು, ಆದ್ರೆ ಅಷ್ಟೊತ್ತಿಗೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಗಿರ್ತಿತ್ತು! ನೀನು ಸೈಕಲ್ಲಿಂದ ಬಿದ್ದಾಗ ಮಂಡಿಗೆ ಹಾಕಿದ್ದು, ಬುಸುಬುಸು ನೊರೆ ಬಂತಲ್ಲ, ಅದೇ. ಕೆಳಗಿನ ಪುಟ್ಟ ಅಂಕಿ ವಸ್ತುವಿನದು, ಅದಕ್ಕೆ ಕೈ ಹಚ್ಚಬೇಡ. ಮುಂದಿನ ದೊಡ್ಡ ಅಂಕಿ ಮಾತ್ರ ನಿನ್ನದು.

ಈಗ ನಮ್ಮ ಒಲೆಗೆ ಬಾ. ಸಿಲಿಂಡರಲ್ಲಿ ಪ್ರೊಪೇನ್, ಬ್ಯೂಟೇನ್ ಬೆರೆತಿರುತ್ತೆ. ಬ್ಯೂಟೇನ್ ತಗೋ: ಕಾರ್ಬನ್ 4, ಹೈಡ್ರೋಜನ್ 10. ನಾಲ್ಕು ಕಾರ್ಬನ್ನಿಗೆ 4 ಕಾರ್ಬನ್ ಡೈಆಕ್ಸೈಡ್, ಹತ್ತು ಹೈಡ್ರೋಜನ್ನಿಗೆ 5 ನೀರು. ಆಕ್ಸಿಜನ್ ಕೊನೆಗಿರಲಿ, ಗಾಳಿಯಲ್ಲಿ ಅದು ಬೇರೆ ಯಾರ ಜೊತೆಗೂ ಸೇರಿಕೊಂಡಿರಲ್ಲ, ಅದನ್ನ ಹೆಚ್ಚುಕಮ್ಮಿ ಮಾಡಿದ್ರೆ ಉಳಿದ ಲೆಕ್ಕ ಕೆಡಲ್ಲ. ಬಲಗಡೆ ಎಣಿಸು, 8 ಮತ್ತು 5, ಒಟ್ಟು 13. ಆದ್ರೆ ಗಾಳಿಯ ಆಕ್ಸಿಜನ್ ಬರೋದು ಜೋಡಿ ಜೋಡಿಯಾಗಿ. ಆರೂವರೆ ಜೋಡಿ ಬೇಕಾಯ್ತು. ಅರ್ಧ ಜೋಡಿ ಎಲ್ಲಿಂದ ತರೋದು? ಇಡೀ ಸಾಲನ್ನೇ ಎರಡರಿಂದ ಗುಣಿಸು: 2 ಬ್ಯೂಟೇನ್, 13 ಆಕ್ಸಿಜನ್, 8 ಕಾರ್ಬನ್ ಡೈಆಕ್ಸೈಡ್, 10 ನೀರು. ನೀನು ಅತ್ತಿದ್ದು ಈ ಅರ್ಧದ ಹತ್ತಿರವೇ ಇರಬೇಕು ಅಂತ ನನ್ನ ಊಹೆ.

ಆ ಹತ್ತು ನೀರು ಬರೀ ಹಾಳೆ ಮೇಲಿನದು ಅಂದ್ಕೋಬೇಡ. ತಣ್ಣೀರು ತುಂಬಿದ ಪಾತ್ರೆ ಒಲೆ ಮೇಲಿಟ್ಟ ಕೂಡಲೇ ತಳದ ಹೊರಗಡೆ ಹನಿ ಕಟ್ಟುತ್ತೆ, ಒಂದೊಂದು ಸಲ ಬರ್ನರ್ ಮೇಲೆ ಬಿದ್ದು ಚುಯ್ ಅನ್ನುತ್ತೆ. ಪಾತ್ರೆ ತೂತಾಗಿದೆ ಅಂತ ಅಜ್ಜಿ ಅದನ್ನ ಎತ್ತಿ ಬೆಳಕಿಗೆ ಹಿಡಿದು ನೋಡ್ತಿದ್ರು. ಅದು ಗ್ಯಾಸ್ ಉರಿದು ಹುಟ್ಟಿದ ನೀರು. 14.2 ಕೆ.ಜಿ. ಸಿಲಿಂಡರ್ ಪೂರ್ತಿ ಉರಿದ್ರೆ ಸುಮಾರು 22 ಲೀಟರ್ ನೀರು ಹುಟ್ಟುತ್ತೆ, ಗ್ಯಾಸಿಗಿಂತ ಜಾಸ್ತಿ! ನಂಗೂ ನಂಬಿಕೆ ಬರದೆ ಕ್ಯಾಲೆಂಡರ್ ಹಿಂದೆ ಎರಡು ಸಲ ಕೂಡಿದೆ. 14 ಕೆ.ಜಿ. ಗ್ಯಾಸ್ ಜೊತೆ 51 ಕೆ.ಜಿ. ಆಕ್ಸಿಜನ್ ಕಿಟಕಿಯಿಂದ ಒಳಗೆ ಬಂದು ಸೇರಿರುತ್ತೆ. ಅತ್ತ 22 ಕೆ.ಜಿ. ನೀರು, 43 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಎರಡು ಕಡೆಯೂ 65. ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ 1789ರ ತನ್ನ ಪುಸ್ತಕದಲ್ಲಿ ಇದನ್ನೇ ಹೇಳಿದ್ದು. ಆತ ತೆರಿಗೆ ವಸೂಲಿಯವನೂ ಹೌದು, ಜಮಾಖರ್ಚು ತಪ್ಪಿದ್ರೆ ಬಿಡ್ತಾನಾ?

ಈಗ ಕೆಂಪಗೆ ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸೋ ಲೆಕ್ಕ ಮಾಡು. ಹುಟ್ಟೋ ಆಕ್ಸೈಡಲ್ಲಿ ಕಬ್ಬಿಣ 3, ಆಕ್ಸಿಜನ್ 4, ಪಕ್ಕದಲ್ಲಿ ಹೈಡ್ರೋಜನ್. ಮುಂದಿನ ಅಂಕಿಗಳು 3, 4, 1, 4 ಬರಬೇಕು. ಬರಲಿಲ್ಲ ಅಂದ್ರೆ ಭಾನುವಾರ ಫೋನ್ ಮಾಡು, ಒಲೆ ಆರಿಸಿ ಕೂತಿರ್ತೀನಿ.

ನಿನ್ನ ಅಮ್ಮ